ಐದಡಿ ರೆಕ್ಕೆಯ ಭಯ

ನಮ್ಮ ಮನೆಯ ಊಟದ ಮೇಜಿನ ಮೇಲೆ ವಿಮಾನ ಕಟ್ಟಲು ಕೂತ ದಿನ ನನಗೆ ಭಯವೇನೂ ಇರಲಿಲ್ಲ. ಮೂವತ್ತೊಂದು ವರ್ಷ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಬೆಸುಗೆ ಹಾಕಿ, ಬೇರೆಯವರು ಹಾಕಿದ ಬೆಸುಗೆಯನ್ನು ಭೂತಗನ್ನಡಿಯಲ್ಲಿ ನೋಡಿ ತಪ್ಪು ಹುಡುಕಿ, ನಿವೃತ್ತಳಾದವಳು ನಾನು. ಮರದ ಕಡ್ಡಿಗಳ ಒಂದು ಆಟಿಕೆ ನನ್ನನ್ನು ಏನು ಮಾಡೀತು ಅಂದುಕೊಂಡಿದ್ದೆ.

ಆಸೆ ನನ್ನದಲ್ಲ, ನನ್ನ ಗಂಡನದು. ಅವರೂ ಅದೇ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿದ್ದರು. ಜೀವನವಿಡೀ ಯಾವುದೋ ಯಂತ್ರದ ಯಾವುದೋ ಮೂಲೆಗೆ ಹೋಗುವ ತಗಡಿನ ತುಂಡುಗಳ ನಕ್ಷೆ ಬರೆದರು. ಇಡೀ ಯಂತ್ರವನ್ನು ಒಮ್ಮೆಯೂ ನೋಡಲಿಲ್ಲ. ನಿವೃತ್ತಿಯಾದ ಮರುವರ್ಷ ಅವರ ಬಲಗೈ ನಡುಗಲು ಶುರುವಾಯಿತು. ಟೀ ಕಪ್ಪು ಸಾಸರಿನ ಮೇಲೆ ಕಟಕಟ ಎನ್ನುವುದು ಅಡುಗೆಮನೆಯವರೆಗೂ ಕೇಳುತ್ತಿತ್ತು. ಕೈಗೆ ಕೆಲಸ ಕೊಡುತ್ತಿರಿ ಎಂದರು ಡಾಕ್ಟರು. ಹದಿನೈದು ದಿನ ಬಿಟ್ಟು ಇವರು ತೆಲುಗು ಸೀಮೆಯ ಕುಷಾಯಿಗೂಡದ ನಮ್ಮ ಮನೆಗೆ ಒಂದು ಉದ್ದನೆಯ ಪೆಟ್ಟಿಗೆ ಹೊತ್ತುಕೊಂಡು ಬಂದರು.

"ಇದೊಂದನ್ನಾರ ಪೂರ್ತಿ ನಾನ ಮಾಡಬೇಕು ನೋಡು," ಎಂದರು.

ಪೂರ್ತಿ ಅವರೇ ಮಾಡುವುದು ಆಗಲಿಲ್ಲ. ಬಾಲ್ಸಾ ಎಂಬ ಆ ಮರ ಹಪ್ಪಳದಷ್ಟು ಹಗುರ, ಅಷ್ಟೇ ಬೇಗ ಮುರಿಯುವಂಥದ್ದು. ಎಡಗೈಯಿಂದ ಬಲಗೈಯನ್ನು ಒತ್ತಿಹಿಡಿದು ಅವರು ಕೊರೆದು ಕೊಡುತ್ತಿದ್ದರು, ನಾನು ಅಂಟಿಸುತ್ತಿದ್ದೆ. ಮೀನಿನ ಮುಳ್ಳಿನಂತಹ ಪಟ್ಟಿಗಳನ್ನು ಸಾಲಾಗಿ ನಿಲ್ಲಿಸಿ ರೆಕ್ಕೆ ಮಾಡಿದೆವು, ತುದಿಯಿಂದ ತುದಿಗೆ ಐದಡಿ. ಅದಕ್ಕೆ ಹೊದಿಸುವ ಪ್ಲಾಸ್ಟಿಕ್ ಹಾಳೆಯನ್ನು ನನ್ನ ಸೀರೆಯ ಇಸ್ತ್ರಿ ಪೆಟ್ಟಿಗೆಯಿಂದಲೇ ಬಿಸಿ ಮಾಡಿ ಬಿಗಿದೆ. ಮೇಲೆ ಹಳದಿ, ಕೆಳಗೆ ಕೆಂಪು. ಆಕಾಶದಲ್ಲಿದ್ದಾಗ ಬೆನ್ನು ಯಾವುದು ಹೊಟ್ಟೆ ಯಾವುದು ಎಂದು ತಿಳಿಯಬೇಕಲ್ಲ, ಅದಕ್ಕೆ. ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳು ನಮ್ಮ ಸಾರಿನಲ್ಲೂ ಮರದ ಪುಡಿ ಇತ್ತು.

ಕೊನೆಗೆ ಮೋಟರು, ಬ್ಯಾಟರಿ, ರಿಸೀವರು. ಅದು ನನ್ನ ಕೆಲಸ. ರಿಮೋಟು ಮತ್ತು ವಿಮಾನದೊಳಗಿನ ರಿಸೀವರು ಒಂದನ್ನೊಂದು ಗುರುತು ಹಿಡಿಯುವಂತೆ ಮೊದಲಿಗೆ ಜೋಡಿ ಮಾಡಬೇಕು. ಜೋಡಿ ಮಾಡುವ ಹೊತ್ತಿನಲ್ಲಿ ರಿಮೋಟಿನ ಮೇಲೆ ಬೆರಳಿನಿಂದ ಆಡಿಸುವ ಕಡ್ಡಿಗಳು ಎಲ್ಲಿರುತ್ತವೋ ಆ ಸ್ಥಾನವನ್ನು ರಿಸೀವರು ನೆನಪಿಟ್ಟುಕೊಳ್ಳುತ್ತದೆ. ಮುಂದೆ ಎಂದಾದರೂ ಸಂಪರ್ಕ ತಪ್ಪಿದರೆ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಮೋಟರಿನ ಕಡ್ಡಿಯನ್ನು ಪೂರ್ತಿ ಕೆಳಗೆ, ಅಂದರೆ ಮೋಟರು ನಿಲ್ಲುವ ಕಡೆ, ಇಟ್ಟು ಜೋಡಿ ಮಾಡಬೇಕಿತ್ತು. ನಾನು ಅದನ್ನು ಮೇಲಿಟ್ಟು ಜೋಡಿ ಮಾಡಿದ್ದೆ. ಪುಸ್ತಕದಲ್ಲಿ ಬರೆದಿತ್ತು. ಓದಿದ್ದೆ ಕೂಡ.

ಅದು ಒಂದು ಭಾನುವಾರ, ಊಟವಾದ ಮೇಲೆ. ಮೂತಿಗೆ ಪಂಖಾ, ಅಂದರೆ ಪ್ರೊಪೆಲರು, ಹಾಕಿಯೇ ಇಟ್ಟಿದ್ದೆವು, ನೋಡಲು ಚೆಂದ ಎಂದು. ವಿಮಾನವನ್ನು ತಿರುಗಿಸುವ ರೆಕ್ಕೆಯಂಚಿನ, ಬಾಲದಂಚಿನ ಪಟ್ಟಿಗಳೆಲ್ಲ ರಿಮೋಟಿಗೆ ತಕ್ಕಂತೆ ಸರಿಯಾಗಿ ಆಡುತ್ತಿದ್ದವು. ಇವರು ವಿಮಾನದ ಪಕ್ಕ ನಿಂತು ಎಡಗೈಯಿಂದ ಮೂತಿ ಸವರುತ್ತಿದ್ದರು. ಸಾಕು ಇವತ್ತಿಗೆ ಎಂದು ನಾನು ರಿಮೋಟು ಆರಿಸಿದೆ. ವಿಮಾನದ ಬ್ಯಾಟರಿ ಇನ್ನೂ ತೆಗೆದಿರಲಿಲ್ಲ.

ಸಂಪರ್ಕ ತಪ್ಪಿತು. ರಿಸೀವರು ನಾನು ಹೇಳಿಕೊಟ್ಟ ಹಾಗೆಯೇ ಮಾಡಿತು. ಮೋಟರು ಒಮ್ಮೆಲೇ ಕಿರುಚಿ ವಿಮಾನ ಮೇಜಿನಿಂದ ನೆಗೆಯಿತು. ಪಂಖಾ ಅವರ ಮುಂಗೈಯನ್ನು ಕೊಯ್ದು, ಫ್ರಿಜ್ಜಿಗೆ ಬಡಿದು, ನೆಲದ ಮೇಲೆ ಬಿದ್ದೂ ತಿರುಗುತ್ತಲೇ ಇತ್ತು. ನಾನು ರಿಮೋಟನ್ನು ಎದೆಗೆ ಅವುಚಿಕೊಂಡು ಗೋಡೆಗೆ ಅಂಟಿ ನಿಂತಿದ್ದೆ. ಮತ್ತೆ ಆನ್ ಮಾಡಬೇಕೆಂದು ಹೊಳೆಯಲಿಲ್ಲ. ಅವರೇ ಹಿಂದಿನಿಂದ ಬಾಗಿ, ರಕ್ತ ಸುರಿಯುವ ಕೈಯಿಂದಲೇ ಬ್ಯಾಟರಿಯ ತಂತಿ ಕಿತ್ತರು.

ಏಳು ಹೊಲಿಗೆ ಬಿದ್ದವು. "ಸ್ವಲ್ಪ ಮೇಲೆ ತಗುಲಿದ್ದರೆ ಕುತ್ತಿಗೆ," ಎಂದರು ನರ್ಸಿಂಗ್ ಹೋಮಿನ ಡಾಕ್ಟರು. ಪಕ್ಕದ ಮನೆಯವರಿಗೆ ಇವರು ಗಾಜು ಕೊಯ್ದಿತು ಎಂದು ಹೇಳಿದರು. ನನ್ನ ಹೆಸರು ಬರಬಾರದೆಂದು.

ಅವತ್ತಿನಿಂದ ನನಗೆ ಶುರುವಾದದ್ದನ್ನು ಹೆದರಿಕೆ ಎಂದಷ್ಟೇ ಹೇಳಿದರೆ ಸಾಲದು. ಮಿಕ್ಸಿಯ ಗುಂಡಿ ಒತ್ತುವ ಮೊದಲು ಮೂರು ಸಲ ಮುಚ್ಚಳ ಮುಟ್ಟಿ ನೋಡುತ್ತಿದ್ದೆ. ಇವರು ತಿರುಗುವ ಫ್ಯಾನಿನ ಕೆಳಗೆ ಅಂಗಿ ಹಾಕಿಕೊಳ್ಳಲು ಕೈ ಎತ್ತಿದರೆ ಕೂಗಿಬಿಡುತ್ತಿದ್ದೆ. ಮೂವತ್ತೊಂದು ವರ್ಷ ಎಷ್ಟು ತಪ್ಪುಗಳು ನನ್ನ ಕಣ್ಣು ತಪ್ಪಿಸಿ ಹೋಗಿರಬಹುದು, ಅವು ಎಲ್ಲೆಲ್ಲಿ ಕೂತಿರಬಹುದು ಎಂಬ ಯೋಚನೆ ಪಾತ್ರೆ ತೊಳೆಯುವಾಗ ಬರುತ್ತಿತ್ತು. ವಿಮಾನವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಅವರೇ ಏಣಿ ಹಿಡಿದುಕೊಂಡರು. ಅದು ನನ್ನನ್ನು ಹೆಚ್ಚು ಕಾಡಿತು.

ಎರಡು ತಿಂಗಳ ನಂತರ ಸಂಬಂಧಿಕರ ಮನೆಯ ನಿಶ್ಚಿತಾರ್ಥದ ಊಟದಲ್ಲಿ ನಮ್ಮ ಎದುರಿಗೆ ಕಲಬುರಗಿ ಕಡೆಯವರೊಬ್ಬರು ಕೂತಿದ್ದರು. ಸನತ್‌ನಗರದಲ್ಲಿ ಅವರದು ಲೇತ್ ವರ್ಕ್‌ಶಾಪು. ಮಾತಿಗೆ ಮಾತು ಬಂದು, ಇಪ್ಪತ್ತು ವರ್ಷದಿಂದ ಭಾನುವಾರ ಮಾದರಿ ವಿಮಾನ ಹಾರಿಸುತ್ತಾರೆಂದು ತಿಳಿಯಿತು. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಯಾರಿಗೂ ಹೇಳದಿದ್ದದ್ದನ್ನು, ಎಲೆಯ ಮೇಲೆ ಜಿಲೇಬಿ ಆರುತ್ತಿರುವಾಗ.

ಅವರು ತಮ್ಮ ಬಲಗೈ ಮುಂದೆ ಚಾಚಿದರು. ತೋರುಬೆರಳಿನ ತುದಿ ಇರಲಿಲ್ಲ.

"ಲೇತಿನಿಂದ ಆಗಿದ್ದಲ್ರಿ ಇದು. ಇದೂ ಪಂಖಾನ," ಎಂದರು. "ಮನ್ಯಾಗ ಪಂಖಾ ಹಚ್ಚಿ ಬ್ಯಾಟರಿ ಕೊಡಬಾರದ್ರಿ ಅಕ್ಕಾರ. ರಿಮೋಟ್ ಮೊದಲ ಹಚ್ಚೂದು, ಕಡೀಕ ಆರಸೂದು. ಇಷ್ಟ ನೋಡ್ರಿ."

"ನನಗ ಭಾಳ ಹೆದರಿಕಿ ಆಗೇತ್ರಿ," ಎಂದೆ.

"ಚಲೋ ಆತು. ಹೆದರದವ್ರನ್ನ ನಾ ಗ್ರೌಂಡಿಗೆ ಕರಕೊಂಡು ಹೋಗಂಗಿಲ್ಲ."

ಮುಂದಿನ ವಾರ ಅವರೇ ಮನೆಗೆ ಬಂದು ವಿಮಾನವನ್ನು ಅಟ್ಟದಿಂದ ಇಳಿಸಿದರು. ಪಂಖಾ ಬಿಚ್ಚಿ ನನ್ನ ಕೈಗೆ ಕೊಟ್ಟರು. ಅದಿಲ್ಲದೆ ಮತ್ತೆ ಜೋಡಿ ಮಾಡಿಸಿದರು, ರಿಮೋಟು ಆರಿಸಿದಾಗ ಮೋಟರು ನಿಲ್ಲುತ್ತದೆಂದು ಹತ್ತು ಸಲ ನನ್ನಿಂದಲೇ ಪರೀಕ್ಷೆ ಮಾಡಿಸಿದರು. ಹತ್ತನೆಯ ಸಲವೂ ನಾನು ಗೋಡೆಯ ಪಕ್ಕ ನಿಂತೇ ಆರಿಸಿದೆ. ಆಮೇಲೆ ಎಂಟು ಭಾನುವಾರ ಅವರದೇ ಹಳೆಯ ವಿಮಾನದಲ್ಲಿ ಕಲಿಸಿದರು. ಅವರ ರಿಮೋಟಿನಿಂದ ನನ್ನದಕ್ಕೆ ಒಂದು ತಂತಿ. ನಾನು ತಪ್ಪಿದರೆ ಅವರು ಒಂದು ಗುಂಡಿ ಒತ್ತಿ ವಿಮಾನವನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತಿದ್ದರು. ನಡುಗುವ ಕೈಗೆ ಈ ಕಡ್ಡಿಗಳು ಆಗುವುದಿಲ್ಲವೆಂದು ನನ್ನ ಗಂಡನಿಗೆ ಮೊದಲ ದಿನವೇ ಗೊತ್ತಾಗಿತ್ತು. "ನೀ ಹಾರಸು, ನಾ ನೋಡ್ತೀನಿ," ಎಂದಿದ್ದರು.

ನಮ್ಮದೇ ವಿಮಾನ ಹಾರಿಸುವ ದಿನ ಬಂತು. ಔಟರ್ ರಿಂಗ್ ರೋಡಿನ ಆಚೆ, ಒಣಗಿದ ಕೆರೆಯ ಅಂಗಳ. ಹತ್ತಿರ ವಿಮಾನ ನಿಲ್ದಾಣವಿಲ್ಲ, ಹಾರಿಸಲು ಅಡ್ಡಿಯಿಲ್ಲ ಎಂದು ಫೋನಿನ ನಕ್ಷೆಯಲ್ಲಿ ಲೇತಿನವರು ಮತ್ತೊಮ್ಮೆ ನೋಡಿದರು. ಜನವರಿಯ ಬೆಳಗ್ಗೆ, ಎಳೆ ಬಿಸಿಲು, ಬೇರೆ ಯಾರೂ ಇಲ್ಲ. ವಿಮಾನವನ್ನು ರೆಕ್ಕೆಯಡಿ ಎರಡು ಬೆರಳ ಮೇಲೆ ಎತ್ತಿ ಹಿಂದುಮುಂದಿನ ಭಾರ ಸಮವಾಗಿದೆಯೆಂದು ನೋಡಿದೆವು. ರಿಮೋಟಿನ ಬಲ ಕಡಿಮೆ ಮಾಡಿ ಮೂವತ್ತು ಹೆಜ್ಜೆ ದೂರ ನಡೆದು ಸಂಪರ್ಕ ಪರೀಕ್ಷಿಸಿದೆ. ಕೊನೆಗೆ ಪಂಖಾ ಹಾಕಿ, ಎಲ್ಲರೂ ಅದರ ಹಿಂದೆ ನಿಂತೆವು.

"ಇವತ್ತು ತಂತಿ ಬ್ಯಾಡ," ಎಂದರು ಲೇತಿನವರು.

ನನ್ನ ಬಾಯಿ ಒಣಗಿತು. ಆದರೂ ಕಡ್ಡಿ ತಳ್ಳಿದೆ. ವಿಮಾನ ಮಣ್ಣಿನ ಮೇಲೆ ಕುಪ್ಪಳಿಸಿ ಓಡಿ, ನಾನು ಎಳೆಯುವ ಮೊದಲೇ ಎದ್ದಿತು. ಪಕ್ಕದಲ್ಲಿ ನನ್ನ ಗಂಡ ಉಸಿರು ಬಿಟ್ಟದ್ದು ಕೇಳಿಸಿತು. ಅವರ ಮುಖ ನೋಡಬೇಕೆನಿಸಿತು. ಕಣ್ಣು ತೆಗೆಯುವ ಧೈರ್ಯ ಬರಲಿಲ್ಲ. ಒಂದು ಸುತ್ತು, ಎರಡು ಸುತ್ತು. ಆರು ನಿಮಿಷಕ್ಕೆ ರಿಮೋಟು ಕೂಗುವಂತೆ ಇಟ್ಟಿದ್ದೆವು; ಕೂಗಿದ ಮೇಲೆ ಇಳಿಸಲು ಒಂದೂವರೆ ನಿಮಿಷದಷ್ಟು ಬ್ಯಾಟರಿ ಉಳಿದಿರುತ್ತದೆ.

ಐದನೆಯ ನಿಮಿಷಕ್ಕೆ ಟ್ರಾಕ್ಟರಿನ ಸದ್ದು. ಕೆರೆ ಏರಿಯ ಮೇಲೆ ಟ್ರಾಲಿ ನಿಂತು ಹತ್ತು ಹನ್ನೆರಡು ಹೆಂಗಸರು ಇಳಿದರು. ಆಚೆಯ ಟೊಮೆಟೊ ತೋಟಕ್ಕೆ ಹೋಗುವ ಕೂಲಿಯವರು. ಖಾಲಿ ಬುಟ್ಟಿ ಹಿಡಿದು ನೇರ ಅಂಗಳ ದಾಟಲು ಬಂದರು, ನಾವು ವಿಮಾನ ಇಳಿಸುವ ಪಟ್ಟಿಯ ಮೇಲೆಯೇ.

"ನೀವು ಎತ್ತರದಾಗ ಇಡ್ರಿ, ನಾ ಅವ್ರನ್ನ ನಿಲ್ಲಸ್ತೀನಿ," ಎನ್ನುತ್ತ ಲೇತಿನವರು ಓಡಿದರು. "ಆಗಂಡಿ! ಪಕ್ಕಕಿ ಪೋಂಡಿ!" ಎಂದು ತೆಲುಗಿನಲ್ಲಿ ಕೂಗಿದರು. ಹೆಂಗಸರು ನಿಂತರು, ಪಕ್ಕಕ್ಕೆ ಸರಿಯಲಿಲ್ಲ. ತಲೆಯೆತ್ತಿ ವಿಮಾನ ನೋಡುತ್ತ ಪಟ್ಟಿಯ ನಡುವೆಯೇ ನಿಂತುಬಿಟ್ಟರು. ಒಬ್ಬಳ ಸೊಂಟದ ಮೇಲೆ ಕೂಸಿತ್ತು.

ಅವರನ್ನು ನೋಡಲು ಒಂದು ಕ್ಷಣ ಕಣ್ಣು ಇಳಿಸಿದ್ದೇ ತಪ್ಪಾಯಿತು. ಮತ್ತೆ ಮೇಲೆ ನೋಡಿದಾಗ ವಿಮಾನ ಹೋಗುತ್ತಿದೆಯೋ ಬರುತ್ತಿದೆಯೋ ತಿಳಿಯಲಿಲ್ಲ. ಬರೀ ಒಂದು ಕಪ್ಪು ಗೆರೆ. ಎಡಕ್ಕೆ ಒತ್ತಿದೆ, ಅದು ಹೆಂಗಸರ ಕಡೆಗೆ ವಾಲಿತು. ಇನ್ನಷ್ಟು ಒತ್ತಿದೆ, ಇನ್ನಷ್ಟು ವಾಲಿತು, ಇಳಿಯತೊಡಗಿತು. ಮೇಜಿನ ಮೇಲಿನ ಆ ಕಿರುಚು ನನ್ನ ಕಿವಿಯಲ್ಲಿ ತುಂಬಿಕೊಂಡಿತು. ಅವತ್ತು ಗೋಡೆಗೆ ಅಂಟಿದ್ದ ಹಾಗೆಯೇ ಮೈ ಮರಗಟ್ಟಿತು.

"ನಮ್ಮ ಕಡೆ ಬರಾಕತ್ತೈತಿ, ಎಡಬಲ ತಿರುವುಮುರುವು," ಎಂದರು ನನ್ನ ಗಂಡ. ದನಿ ಏರಿರಲಿಲ್ಲ. "ಕೆಂಪು ಕಾಣಾಕತ್ತೈತಿ ನೋಡು. ಯಾವ ರೆಕ್ಕಿ ಕೆಳಗೈತಿ ಆ ಕಡೆ ಕಡ್ಡಿ ಒತ್ತು."

ಒತ್ತಿದೆ. ರೆಕ್ಕೆ ನೆಟ್ಟಗಾಯಿತು. ಹೆಂಗಸರ ತಲೆಯಿಂದ ಮೂರಾಳು ಎತ್ತರದಲ್ಲಿ ಅದು ಹಾದುಹೋಯಿತು. ಯಾರೋ ಕಿರುಚಿ ಬುಟ್ಟಿ ಎಸೆದರು. ಅದೇ ಹೊತ್ತಿಗೆ ನನ್ನ ಕೈಯಲ್ಲಿ ರಿಮೋಟು ಕೂಗತೊಡಗಿತು.

"ಇಳಸಾಕ ಜಾಗ ಇಲ್ರಿ," ಎಂದೆ.

"ಎಡಕ್ಕ ಜಾಲಿ ಐತಲ್ಲ."

ಅಂಗಳದ ಎಡಕ್ಕೆ ಎದೆಮಟ್ಟದ ಜಾಲಿಯ ಪೊದೆ. ಅಲ್ಲಿ ಮನುಷ್ಯರಿರಲಿ, ಆಡು ಕೂಡ ಇರಲಿಲ್ಲ.

"ಮುರೀತದರಿ."

"ಮುರೀಲಿ. ಇಳಸು."

ವಿಮಾನವನ್ನು ಆ ಕಡೆ ತಿರುಗಿಸಿ, ಮೋಟರಿನ ಕಡ್ಡಿಯನ್ನು ಪೂರ್ತಿ ಕೆಳಗೆಳೆದೆ. ಸದ್ದು ನಿಂತಿತು. ಸದ್ದಿಲ್ಲದೆ ಅದು ಬಹಳ ಹೊತ್ತು ತೇಲಿದಂತೆ ಕಂಡಿತು. ಆಮೇಲೆ ಪೊದೆಯೊಳಗೆ, ಯಾರೋ ಒಂದು ಬುಟ್ಟಿ ಕಡ್ಡಿಯನ್ನು ತುಳಿದ ಹಾಗೆ ಸದ್ದು.

ಅಷ್ಟಕ್ಕೇ ಮುಗಿಯಲಿಲ್ಲ. ಜಜ್ಜಿದ ಬ್ಯಾಟರಿಗೆ ಬೆಂಕಿ ಹತ್ತಬಹುದು, ಸುತ್ತಲೂ ಒಣಹುಲ್ಲು. ಲೇತಿನವರು ಕಾರಿನಲ್ಲಿ ತಂದಿದ್ದ ಮರಳಿನ ಬಕೆಟ್ ಹಿಡಿದು ಓಡಿದರು, ಹಿಂದೆ ನಾವು. ಬ್ಯಾಟರಿಯ ಒಂದು ಮೂಲೆ ನೆಗ್ಗಿ ಉಬ್ಬಿತ್ತು. ಅದನ್ನು ಮರಳಿನಲ್ಲಿ ಹುಗಿದು, ಬಕೆಟನ್ನು ಬಯಲಿನಲ್ಲಿಟ್ಟು, ದೂರ ನಿಂತು ಕಾದೆವು. ಹೊಗೆ ಬರಲಿಲ್ಲ. ಆಗ ನಾನು ಮಣ್ಣಿನಲ್ಲೇ ಕೂತೆ.

ಹೆಂಗಸರಲ್ಲಿ ವಯಸ್ಸಾದವಳೊಬ್ಬಳು ಹತ್ತಿರ ಬಂದಳು. ಬೈಯುತ್ತಾಳೆ, ಬೈಯಲಿ ಎಂದು ತಲೆ ತಗ್ಗಿಸಿದೆ. ಅವಳು ನನ್ನ ಭುಜ ಮುಟ್ಟಿ, "ಎವರಿಕೀ ತಗಲಲೇದಮ್ಮಾ," ಎಂದಳು. ಯಾರಿಗೂ ತಗುಲಲಿಲ್ಲವಮ್ಮಾ ಎಂದು. ಕೂಸಿನ ತಾಯಿ ಮಾತ್ರ ದೂರದಿಂದಲೇ ನನ್ನನ್ನು ನೋಡುತ್ತಿದ್ದಳು. ಎದ್ದು ಹೋಗಿ ಕೈ ಮುಗಿದೆ. ಅವಳು ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ನಡೆದಳು.

"ತಪ್ಪು ನಂದರಿ," ಎಂದರು ಲೇತಿನವರು. "ದಾರಿಗೆ ಒಬ್ರನ್ನ ನಿಲ್ಲಸಬೇಕಿತ್ತು. ಇಪ್ಪತ್ತ್ ವರ್ಸ ಆತು, ಯಾರೂ ಬರಂಗಿಲ್ಲ ಅಂತ ಮೈ ಮರ್ತೆ."

ನನ್ನ ಗಂಡ ಮುಳ್ಳಿನೊಳಗಿಂದ ತುಂಡುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ನಡುಗುವ ಕೈಗೆ ಮುಳ್ಳು ಹೆಚ್ಚು ಗೀರುತ್ತದೆ. ಏಳು ತಿಂಗಳ ರೆಕ್ಕೆ ಎರಡು ಹೋಳಾಗಿತ್ತು.

ಕಾರಿನಲ್ಲಿ ಮನೆಗೆ ಬರುವಾಗ ನಾನೇ ಬಾಯಿ ಬಿಟ್ಟೆ. "ಒಂದು ಮಾತು ಹೇಳ್ತೀನ್ರಿ. ಜಾಲಿಗೆ ತಿರುಗಿಸೂ ಮುಂಚೆ, ಅವರ ತಲಿ ಮ್ಯಾಲಿಂದ ದಾಟಿಸಿ ಆಚೆ ಇಳಸಬೋದೇನೋ ಅಂತ ಅನ್ನಿಸಿತ್ತು. ವಿಮಾನ ಉಳೀಲಿ ಅಂತ."

ಅವರು ಗೀರಿದ ಕೈಯನ್ನು ಟವೆಲಿನಲ್ಲಿ ಸುತ್ತಿಕೊಂಡು ಕಿಟಕಿಯಾಚೆ ನೋಡುತ್ತಿದ್ದರು.

"ನನಗೂ ಅನ್ನಿಸಿತ್ತು," ಎಂದರು.

ಪಂಖಾ, ಬ್ಯಾಟರಿ, ಬೆಂಕಿ ಇವುಗಳಿಗಿಂತ ನನಗೆ ಈಗಲೂ ಹೆಚ್ಚು ಹೆದರಿಕೆ ಹುಟ್ಟಿಸುವುದು ಆ ಒಂದು ಗಳಿಗೆಯ ನನ್ನ ಮನಸ್ಸೇ.

ಹೊಸ ರೆಕ್ಕೆಗೆ ನಾಲ್ಕು ತಿಂಗಳು ಹಿಡಿಯಿತು. ಈಗ ಕೆರೆ ಏರಿಯ ದಾರಿಯಲ್ಲಿ ಕೆಂಪು ಬಟ್ಟೆ ಮತ್ತು ಸೀಟಿ ಹಿಡಿದು ನನ್ನ ಗಂಡ ನಿಲ್ಲುತ್ತಾರೆ. ಅವರು ಬಟ್ಟೆ ಬೀಸಿದರೆ ನಾನು ಎಲ್ಲಿದ್ದರೂ ಇಳಿಸಬೇಕು. ಕೂಲಿಯವರು ಬರುವ ಹೊತ್ತು ಕೇಳಿ ತಿಳಿದುಕೊಂಡಿದ್ದೇವೆ. ಪ್ರತಿ ಸಲ ಕಡ್ಡಿ ತಳ್ಳುವಾಗ ನನ್ನ ಬಾಯಿ ಒಣಗುತ್ತದೆ. ಹಾಗೆ ಆಗದಿದ್ದ ದಿನ ಹಾರಿಸಬಾರದೆಂದು ನಾನು ಮತ್ತು ಲೇತಿನವರು ಮಾತಾಡಿಕೊಂಡಿದ್ದೇವೆ.

ಕಳೆದ ಭಾನುವಾರ ಗಾಳಿ ಜೋರಾಗಿತ್ತು. ಗಾಳಿ ನೋಡಲು ಕೋಲಿಗೆ ಕಟ್ಟಿದ ರಿಬ್ಬನ್ನು ಹತ್ತು ಗಂಟೆಯವರೆಗೂ ಕೆಳಗಿಳಿಯಲಿಲ್ಲ. ಮೂವರೂ ಕಾರಿನ ನೆರಳಲ್ಲಿ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದು, ವಿಮಾನವನ್ನು ಹೊರಗೆ ತೆಗೆಯದೆಯೇ ವಾಪಸು ಬಂದೆವು.