ಮೂರು ಚುಕ್ಕಿಯ ಗಂಗಾಳ

ಹೋದ ವಾರ ಬೈಲಹೊಂಗಲದ ಗುಜರಿ ಅಂಗಡಿಯಲ್ಲಿ ಒಂದು ಸ್ಟೀಲಿನ ಗಂಗಾಳ ಕಣ್ಣಿಗೆ ಬಿತ್ತು. ಹಿಂದೆ ತಿರುವಿ ನೋಡಿದೆ. ಮೊಳೆಯಿಂದ ಹೊಡೆದ ಮೂರು ಚುಕ್ಕಿ. ನಾನು ಉಂಡ ಗಂಗಾಳ...

ಕೊಟ್ಟವರು ಖಾನಾವಳಿ ಅಕ್ಕ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ ಹಿಡಿದು ರೊಟ್ಟಿ ಊಟ ಹಾಕುತ್ತಿದ್ದರು. ಕುಡಿತ ಬಿಡಲಾಗದೆ ಮನೆಯಿಂದ ಹೊರಬಿದ್ದ ಮೂವರನ್ನು ಹಿತ್ತಲ ಖೋಲಿಯಲ್ಲಿ ಇಟ್ಟುಕೊಂಡಿದ್ದರು. ಅವರಲ್ಲಿ ನಾನೊಬ್ಬ. ನನಗೆ ಕುಡಿತದ ಜೊತೆಗೆ ತಲೆಯೂ ಕೆಟ್ಟಿತ್ತು; ಯಾರೋ ಬೈಯುವ ದನಿ ಸದಾ ಕಿವಿಯಲ್ಲಿ. ಅಣ್ಣ ಹೊರಹಾಕಿದ ಮೇಲೆ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೇ ಬಿದ್ದಿರುತ್ತಿದ್ದೆ.

ನಮ್ಮ ಕಡೆ ಕುಡುಕನಿಗೆ ಮೊದಲ ಮದ್ದು ಆಣೆ. ಮನೆಯವರು ಸವದತ್ತಿ ಗುಡ್ಡಕ್ಕೆ ಕರೆದೊಯ್ದು ದೇವಿಯ ಮುಂದೆ ನನ್ನಿಂದ ಮೂರು ಸಲ ಆಣೆ ಮಾಡಿಸಿದ್ದರು. ಮೂರೂ ಸಲ ಗುಡ್ಡ ಇಳಿಯುವಷ್ಟರಲ್ಲಿ ಮುರಿದಿದ್ದೆ. ಅಕ್ಕ ಆಣೆ ಕೇಳಲಿಲ್ಲ. ಒಬ್ಬೊಬ್ಬರಿಗೊಂದು ಗುರುತಿನ ಗಂಗಾಳ ಕೊಟ್ಟರು. ಮಧ್ಯಾಹ್ನ ಉಂಡು, ತೊಳೆದು, ಬೋರಲು ಹಾಕಬೇಕು. ಗಂಗಾಳ ಬೋರಲು ಬೀಳದಿದ್ದರೆ ಉಣ್ಣಲು ಬಂದಿಲ್ಲವೆಂದು ತಿಳಿದು ಅದರಲ್ಲೇ ರೊಟ್ಟಿ, ಗುರೆಳ್ಳು ಚಟ್ನಿ ಹಾಕಿಕೊಂಡು ಸೆರೆಯಂಗಡಿಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

"ಊಟಾ ಆರಾಕ ಹತ್ತೈತಿ, ಬರ್ರಿ."

ಊರೆಲ್ಲ 'ಲೇ ಕುಡಕ' ಅನ್ನುವಾಗ ಅವರೊಬ್ಬರೇ ಬರ್ರಿ ಅನ್ನುತ್ತಿದ್ದರು. ನಾಚಿಕೊಂಡು ಎದ್ದು ಅವರ ಹಿಂದೆ ಹೋಗುತ್ತಿದ್ದೆ. ತಿಂಗಳಿಗೊಮ್ಮೆ ಧಾರವಾಡದ ಬಸ್ಸು ಹತ್ತಿಸಿ ಡಾಕ್ಟರ ಮುಂದೆ ಕೂಡಿಸುತ್ತಿದ್ದರು. ಗುಳಿಗೆ ತಾವೇ ಕೈಗೆ ಹಾಕುತ್ತಿದ್ದರು. ವರ್ಷ ತುಂಬುವುದರೊಳಗೆ ಕುಡಿತ ಬಿಟ್ಟಿತು, ಆ ದನಿ ನಿಂತಿತು, ಕೈ ನಡುಗುವುದೂ ನಿಂತಿತು.

ಓಣಿಯ ಮಂದಿ ಸಹಿಸಲಿಲ್ಲ. ಶ್ರಾವಣದಲ್ಲಿ ದಾಸೋಹ ಮಾಡಿ ಫೋಟೋ ತೆಗೆಸಿಕೊಳ್ಳುವ ಮಂದಿ ಅವರು. ಅವರ ಬಗ್ಗೆ ನನ್ನ ಬಾಯಲ್ಲಿ ಇವತ್ತಿಗೂ ಒಳ್ಳೆಯ ಮಾತು ಬರುವುದಿಲ್ಲ. ಇದು ಕುಡುಕರ ಅಡ್ಡೆಯಾಗಿದೆ, ಖಾಲಿ ಮಾಡಿಸಿ ಎಂದು ಮನೆ ಮಾಲೀಕನಿಗೆ ಅರ್ಜಿ ಬರೆದರು. ಓಣಿಯ ಹಿರಿಯರೊಬ್ಬರು ನನ್ನನ್ನು ಕರೆದು ಕುರ್ಚಿ ಹಾಕಿದರು.

"ನೀ ಈಗ ಸುಧಾರಿಸಿದಾಂವ. ನಮ್ಮ ಮಾಳಿಗಿ ಮ್ಯಾಲಿನ ಖೋಲಿ ನಿನಗ. ಇಲ್ಲೊಂದು ಸಹಿ ಮಾಡು."

ಎಷ್ಟೋ ವರ್ಷದ ಮೇಲೆ ಯಾರೋ ಕುರ್ಚಿ ಕೊಟ್ಟಿದ್ದರು. ಮಾಡಿದೆ. ಅಲ್ಲಿ ಇದ್ದವನೇ ಹೇಳಿದರೆ ಅರ್ಜಿಗೆ ತೂಕ ಎಂದು ನನ್ನ ಸಹಿಯನ್ನೇ ಮೊದಲು ಹಾಕಿಸಿದರು. ಉಂಡ ಮನೆಯ ಜಂತೆ ಎಣಿಸುವುದೆಂದರೆ ಇದೇ. ಓಣಿಯವರನ್ನು ಬೈಯುವಾಗ ನನ್ನನ್ನೇನೂ ಬಿಟ್ಟು ಬೈಯುವುದಿಲ್ಲ.

ಮಾಲೀಕ ಆ ಕಾಗದ ತಂದು ಅಕ್ಕನ ಕೈಗೆ ಕೊಟ್ಟಾಗ ನಾನು ಅಲ್ಲೇ ಉಣ್ಣುತ್ತಿದ್ದೆ. ನಿಧಾನಕ್ಕೆ ಓದಿ ನನ್ನ ಕಡೆ ತಿರುಗಿದರು.

"ಸಹಿ ಚಂದ ಮಾಡೀರಿ. ಕೈ ಒಂಚೂರೂ ನಡುಗಿಲ್ಲ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ... ಗಂಗಾಳ ತೊಳೆಯದೆ ಎದ್ದು ಹೋದೆ.

ಅಕ್ಕ ಮನೆ ಖಾಲಿ ಮಾಡಿ ರಾಮದುರ್ಗದ ಕಡೆ ತವರಿಗೆ ಹೋದರು. ಉಳಿದಿಬ್ಬರಲ್ಲಿ ಒಬ್ಬ ಮತ್ತೆ ಬಸ್ ಸ್ಟ್ಯಾಂಡ್ ಸೇರಿದ, ಇನ್ನೊಬ್ಬ ಕುಡಿದೇ ಸತ್ತ. ಅಕ್ಕನೂ ತೀರಿಕೊಂಡರೆಂದು ಮುನವಳ್ಳಿ ಬಸ್ಸಿನಲ್ಲಿ ಯಾರೋ ಅಂದರು. ಮಣ್ಣಿಗೆ ಹೋಗುವುದೂ ಆಗಲಿಲ್ಲ.

ಗಂಗಾಳವನ್ನು ಖೋಲಿಗೆ ತಂದಿದ್ದೇನೆ, ಅದೇ ಮಾಳಿಗೆ ಮೇಲಿನ ಖೋಲಿಗೆ. ಅವತ್ತು ತೊಳೆಯದೆ ಬಿಟ್ಟದ್ದನ್ನು ತಿಕ್ಕಿ ತೊಳೆದೆ. ಬೋರಲು ಮಾತ್ರ ಹಾಕಿಲ್ಲ. ಎಂಟು ದಿನವಾಯಿತು... ಕರೆಯಲು ಯಾರೂ ಬಂದಿಲ್ಲ.