ಗ್ರಂಥಸೂಚಿಯಲ್ಲಿ ಹಿರಿಯರ ಜಾಗ

ಜ್ಞಾನಕ್ಕೆ ನೆಂಟರಿಲ್ಲ, ಊರಿಲ್ಲ, ದಾಕ್ಷಿಣ್ಯವಂತೂ ಇಲ್ಲವೇ ಇಲ್ಲ. ಹೀಗೆ ನಂಬಿದವರ ತೋಟಕ್ಕೆ ಸರ್ಕಾರಿ ರಸ್ತೆಯೇ ಇರಬೇಕು. ತುರುವೇಕೆರೆ ಕಡೆಯ ನನ್ನ ತೋಟಕ್ಕೆ ಹೋಗಬೇಕಾದರೆ ಪಕ್ಕದ ತೋಟದ ಯಜಮಾನರ ತೆಂಗಿನ ಸಾಲುಗಳ ನಡುವೆಯೇ ಹಾಯಬೇಕು. ಕಾಯಿ ತುಂಬಿದ ಟ್ರ್ಯಾಕ್ಟರಿಗೂ ಅದೇ ದಾರಿ, ನನಗೂ ಅದೇ ದಾರಿ.

ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ನನಗೆ ಡಾಕ್ಟರೇಟ್ ಮಾಡುವ ಆಸೆ ಹುಟ್ಟಿತು. ಮನೆಯಾಕೆ ಅದನ್ನೂ ಬಿ.ಪಿ., ಮಂಡಿನೋವುಗಳ ಸಾಲಿಗೆ ಸೇರಿಸಿ ಸುಮ್ಮನಾದಳು. ನಮ್ಮ ಸೀಮೆಯ ತೆಂಗಿನ ಬೇಸಾಯದ ಚರಿತ್ರೆ ನನ್ನ ವಿಷಯ. ಮಾರ್ಗದರ್ಶಕಿ ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನವರು. ಮೊದಲ ಕೆಲಸವಾಗಿ ಟಿಪ್ಪಣಿಸಹಿತವಾದ ಗ್ರಂಥಸೂಚಿ ಬೇಕೆಂದರು. ಓದಿದ ಪ್ರತಿ ಪುಸ್ತಕದ ಕೆಳಗೂ ಅದು ಏನು ಹೇಳುತ್ತದೆ, ಎಷ್ಟು ನಂಬಬಹುದು, ನನಗೆ ಯಾವ ಉಪಯೋಗಕ್ಕೆ ಬರುತ್ತದೆ ಎಂದು ನಾಲ್ಕು ಸಾಲು ಬರೆಯಬೇಕು.

ಕಷ್ಟವಿದ್ದದ್ದು ನಂಬಿಕೆಯ ಸಾಲಿನಲ್ಲಿ. ಸಹಕಾರ ಸಂಘದ ಸ್ಮರಣ ಸಂಚಿಕೆ, ಹಾಲ್ಕುರಿಕೆ ಕಡೆಯ ಹಿರಿಯರೊಬ್ಬರ ತೋಟದ ಅನುಭವಗಳು, ಜಾತ್ರೆಗಳಲ್ಲಿ ಹಂಚಿದ ಕೃಷಿ ಪುಸ್ತಿಕೆಗಳು, ಇವೇ ನನ್ನ ಆಕರಗಳು. ಬರೆದವರೆಲ್ಲ ಒಂದೇ ಬಸ್ಸಿನ ರೂಟಿನವರು. ಯಾರ ಮುಖವನ್ನೂ ತಪ್ಪಿಸಿ ತಿರುಗುವಂತಿಲ್ಲ. ಆದ್ದರಿಂದ ಎಲ್ಲರನ್ನೂ ಹೊಗಳಿ ಕಳಿಸಿದೆ. ಮಾರ್ಗದರ್ಶಕಿ ಫೋನ್ ಮಾಡಿದರು.

"ಸರ್, ಇದು ಮದುವೆ ಕರೆಯೋಲೆ ಥರ ಇದೆ. ಎಲ್ಲರೂ ಪೂಜ್ಯರೇ. ನಾನು ಯಾರನ್ನ ನಂಬಲಿ?"

ಇನ್ನೊಂದು ಸಲ ಹೀಗೇ ಆದರೆ ಸಮಿತಿಯವರು ನೋಂದಣಿಯನ್ನೇ ರದ್ದು ಮಾಡುತ್ತಾರೆ ಎಂದೂ ವಿನಯದಿಂದ ತಿಳಿಸಿದರು.

ನೋಂದಣಿ ಹೋದರೆ ಮನೆಯಾಕೆಯ ಮುಂದೆ ಕೂತು ಕಾಫಿ ಕುಡಿಯುವುದು ಹೇಗೆ? ಎದೆ ಗಟ್ಟಿ ಮಾಡಿಕೊಂಡು ಸತ್ಯ ಬರೆದೆ. ಪಕ್ಕದ ತೋಟದ ಯಜಮಾನರು ಹಿಂದೆ ಒಂದು ಪುಸ್ತಿಕೆ ಅಚ್ಚು ಹಾಕಿಸಿದ್ದರು. ತೆಂಗಿನ ಸಕಲ ರೋಗಕ್ಕೂ ಉಪ್ಪು ಮತ್ತು ಬೂದಿಯೇ ಮದ್ದು ಎಂಬುದು ಅದರ ಸಾರ. ಅದರ ಕೆಳಗೆ ಬರೆದೆ: "ಹೇಳಿಕೆಗಳಿಗೆ ಆಧಾರ ಕೊಟ್ಟಿಲ್ಲ. ಲೇಖಕರು ಸ್ವಂತ ತೋಟದಲ್ಲಿ ಈ ಕ್ರಮ ಪಾಲಿಸಿದಂತೆ ಕಾಣುವುದಿಲ್ಲ. ಆ ಕಾಲದ ರೈತರ ನಂಬಿಕೆಗಳನ್ನು ತಿಳಿಯಲು ಉಪಯುಕ್ತ."

ಗುಟ್ಟು ಉಳಿಯಲೆಂದು ಟೈಪಿಂಗಿಗೆ ತುರುವೇಕೆರೆ ಬಿಟ್ಟು ಕಿಬ್ಬನಹಳ್ಳಿಯ ಅಂಗಡಿಗೆ ಕೊಟ್ಟೆ. ನಾಲ್ಕೂ ದಿಕ್ಕಿನ ಬಸ್ಸು ನಿಲ್ಲುವ ಜಾಗದಲ್ಲಿ ಗುಟ್ಟು ಇಡಲು ಹೋದದ್ದು ನನ್ನ ವಿದ್ವತ್ತಿಗೆ ತಕ್ಕ ಉಪಾಯವೇ ಆಗಿತ್ತು. ನಮ್ಮ ಕಡೆ ಊರಿಗೆ ಹೊರಟವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿಯಿಲ್ಲ. ಪಹಣಿ ಜೆರಾಕ್ಸ್ ಮಾಡಿಸಲು ಬಂದಿದ್ದ ಯಜಮಾನರ ಕೈಗೇ ಅಂಗಡಿಯಾಕೆ ನನ್ನ ಹಾಳೆಗಳನ್ನು ಕೊಟ್ಟು, ನಿಮ್ಮೂರ ಮೇಷ್ಟ್ರಿಗೆ ತಲುಪಿಸಿಬಿಡಿ ಎಂದಳಂತೆ. ಬಸ್ಸಿನಲ್ಲಿ ಅವರಿಗೆ ಕಿಟಕಿ ಪಕ್ಕದ ಸೀಟೂ ಸಿಕ್ಕಿತಂತೆ.

ಸಂಜೆ ಬಂದು ಜಗಲಿಯ ಮೇಲೆ ಕೂತರು. ಕಾಫಿ ಕುಡಿದರು. ಈ ಸಲದ ಕಾಯಿ ಯಾವ ಕಡೆಯಿಂದ ಸಾಗಿಸುತ್ತೀಯ ಎಂದು ಬಹಳ ಮೆತ್ತಗೆ ವಿಚಾರಿಸಿದರು. ಆಮೇಲೆ ಹಾಳೆ ಬಿಚ್ಚಿದರು.

"ಆಧಾರ ಇಲ್ಲ ಅಂತ ಬರ್ದಿದ್ದೀಯ."

ನಾನು ಸಂಶೋಧನೆಯ ಶಿಸ್ತು ಎಂದು ಶುರು ಮಾಡಿದೆ. ಅವರು ಕೈ ಎತ್ತಿದರು.

"ಅದಿರ್ಲಿ ಬುಡು, ನಾನೇನ್ ಕೋರ್ಟಿಗೆ ಬರ್ದಿದ್ನಾ. ಚಿಕ್ಕನಾಯಕನಹಳ್ಳೀಲಿರೋ ನನ್ ದಾಯಾದಿ ಪುಸ್ತಕಾನ ನನ್ನದಕ್ಕಿಂತ ಮೇಲೆ ಕೂರ್ಸಿದ್ದೀಯಲ್ಲ ಮೇಷ್ಟ್ರೇ, ಅದ್ಯಾವ ನ್ಯಾಯ? ಅವನು ತೊಟ್ಟಿಲಲ್ಲಿದ್ದಾಗ ನಾನು ಮರ ಹತ್ತಿ ಕಾಯಿ ಕೀಳ್ತಿದ್ದೆ."

ಲೇಖಕರ ಹೆಸರು ಅಕಾರಾದಿಯಾಗಿ ಬರುತ್ತದೆ, ನನ್ನ ಕೈಯಲ್ಲಿ ಏನೂ ಇಲ್ಲ ಎಂದೆ.

"ಯಾರು ದೊಡ್ಡೋರು ಅಂತ ಅಕ್ಷರಕ್ಕೇನ್ ಗೊತ್ತು ಕಣಪ್ಪ? ಲಗ್ನಪತ್ರಿಕೇಲಿ ಹಿಂಗ್ ಹಾಕ್ಸು, ಜನ ಊಟಕ್ ಕೂರ್ತಾರಾ ನೋಡಾಣ."

ಅವರ ಎದುರಿಗೇ ಮಾರ್ಗದರ್ಶಕಿಗೆ ಫೋನ್ ಹಚ್ಚಿ, ಪಟ್ಟಿಯನ್ನು ಅಚ್ಚಾದ ವರ್ಷದ ಪ್ರಕಾರ ಜೋಡಿಸಬಹುದೇ ಎಂದು ಕೇಳಿದೆ. ಚರಿತ್ರೆಯ ವಿಷಯಕ್ಕೆ ಅದೇ ಸರಿ, ಯಾವುದರಿಂದ ಯಾವುದು ಹುಟ್ಟಿತೆಂದು ತಿಳಿಯುತ್ತದೆ ಎಂದರು. ಯಜಮಾನರ ಪುಸ್ತಿಕೆ ಮೊದಲು ಅಚ್ಚಾದದ್ದು. ಅದು ಮೇಲೇರಿತು, ದಾಯಾದಿಯದು ಅದರ ಕೆಳಗೆ ಇಳಿಯಿತು. ಸಮಾಧಾನಕ್ಕೆಂದು, ಆ ಆಧಾರದ ಮಾತನ್ನು ಬೇಕಾದರೆ ಸ್ವಲ್ಪ ಮೆತ್ತಗೆ ಮಾಡುತ್ತೇನೆ ಎಂದೆ. ನಾಲಿಗೆಯಿಂದ ಜಾರಿದ ಮೇಲೆ ಎಡವಟ್ಟು ಅರಿವಾಯಿತು. ಅವರು ಹೂಂ ಅಂದಿದ್ದರೆ ಮತ್ತೆ ಕರೆಯೋಲೆಯೇ ಗತಿ.

ಅವರು ಕನ್ನಡಕ ಸರಿಮಾಡಿಕೊಂಡು ದಾಯಾದಿಯ ಟಿಪ್ಪಣಿಯನ್ನು ಇನ್ನೊಮ್ಮೆ ಓದಿದರು. ಅಲ್ಲಿ ನಾನು, "ಹೊಸ ವಿಷಯವಿಲ್ಲ, ಉಪ್ಪು ಬೂದಿಯ ಹಳೆಯ ಪುಸ್ತಿಕೆಯನ್ನೇ ಬಹುಪಾಲು ಹೋಲುತ್ತದೆ" ಎಂದು ಬರೆದಿದ್ದೆ.

"ಒಂದಕ್ಷರ ಮುಟ್‌ಬ್ಯಾಡ," ಎಂದರು. "ನನ್ದೂ ಹಂಗೇ ಇರ್ಲಿ, ಅವನ್ದೂ ಹಂಗೇ ಇರ್ಲಿ. ಒಂದ್ ಜೆರಾಕ್ಸ್ ನನಗ್ ಕೊಡು."

ಆ ಜೆರಾಕ್ಸು ಚಿಕ್ಕನಾಯಕನಹಳ್ಳಿಗೆ ಹೋಯಿತೆಂದು ಆಮೇಲೆ ಕೇಳಿದೆ. ಪಟ್ಟಿಯನ್ನು ನಾನು ವಿಶ್ವವಿದ್ಯಾಲಯಕ್ಕೆ ಕಳಿಸಿದೆ. ಮಾರ್ಗದರ್ಶಕಿ ಒಪ್ಪಿ ಸಹಿ ಹಾಕಿದರು. ನೋಂದಣಿ ಉಳಿಯಿತು, ಟ್ರ್ಯಾಕ್ಟರಿನ ದಾರಿಯೂ ಉಳಿಯಿತು.