ಅರ್ಧ ಬಣ್ಣದ ತಲೆಗಳು

ಕಬ್ಬಿಣದ ಬಾಣಲೆಯಲ್ಲಿ ಚಹಾದ ಡಿಕಾಕ್ಷನ್ ಹಾಕಿ ರಾತ್ರಿಯಿಡೀ ನೆನೆಸಿದ ಮೆಹೆಂದಿ ಪುಡಿಯ ವಾಸನೆ ನಿಮಗೆ ಗೊತ್ತಿರಬಹುದು. ಮಳೆ ಬಿದ್ದ ಹೊಲಕ್ಕೆ ಯಾರೋ ಚಹಾ ಚೆಲ್ಲಿದ ಹಾಗಿರುತ್ತದೆ. ಇವತ್ತು ನಮ್ಮ ರಾಯಚೂರಿನ ಮನೆಯಲ್ಲೆಲ್ಲ ಅದೇ ವಾಸನೆ. ಕಾರಣ ನನ್ನ ತಲೆ. ಮೊದಲು ಬಿಳಿಗೂದಲು ಕಿತ್ತೆ, ಆಮೇಲೆ ಬೈತಲೆ ಬದಲಿಸಿದೆ, ಈಗ ಬದಲಿಸಲು ಜಾಗವೇ ಉಳಿದಿಲ್ಲ. ಮೆಹೆಂದಿ ಹಚ್ಚಿ ತೊಳೆದು ಕನ್ನಡಿ ನೋಡಿದರೆ, ಬಿಳಿ ಇದ್ದಲ್ಲೆಲ್ಲ ಕಿತ್ತಳೆ ಬಣ್ಣ! ಗಾಬರಿಯಾಗಬೇಡಿ, ಇದು ಅರ್ಧ ಕೆಲಸ. ಇದರ ಮೇಲೆ ನೀಲಿ ಗಿಡದ ಎಲೆಯ ಪುಡಿ ಕಲಸಿ ಹಚ್ಚಿದರೆ ಕಪ್ಪಾಗುತ್ತದೆ. ನಡುವಿನ ಹೊತ್ತಿನಲ್ಲಿ ಮಾತ್ರ ಯಾರ ಕಣ್ಣಿಗೂ ಬೀಳಬಾರದು. ಆಗಲೇ ಹಾಲಿನವನು ಕರೆಗಂಟೆ ಒತ್ತಿದ. ನಾನು ಉಸಿರು ಬಿಗಿಹಿಡಿದು ಬಚ್ಚಲಲ್ಲೇ ನಿಂತೆ. ಪಾಪ, ಹೋದ.

ನಮ್ಮ ಸರೋಜತ್ತೆ ಹೀಗೆ ಅರ್ಧ ಬಣ್ಣದಲ್ಲೇ ಕಣ್ಣಿಗೆ ಬಿದ್ದವಳು. ಅದೂ ತನ್ನನ್ನು ನೋಡಲು ಬಂದ ಗಂಡಿನ ಕಣ್ಣಿಗೆ.

ಸರೋಜತ್ತೆ ಅಪ್ಪನ ತಂಗಿ. ಮಾನ್ವಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು, ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳುತ್ತ ನಲವತ್ತು ದಾಟಿದ್ದಳು. ಅಜ್ಜಿ ಹೋದ ಮೇಲೆ ದೇವದುರ್ಗದಿಂದ ಒಂದು ಸಂಬಂಧ ಬಂತು. ಗಂಡು ಶಾಲೆಯ ಮಾಸ್ತರರು. ತಂಗಿಯರ ಮದುವೆ ಮಾಡುತ್ತ ಮಾಡುತ್ತ ತಾವೇ ಉಳಿದುಹೋಗಿದ್ದರು. ಅತ್ತೆಗೆ ಈ ಮದುವೆ ಮನಸ್ಸಿನಿಂದ ಬೇಕಾಗಿತ್ತು. ಆದರೆ ತಲೆ ನೆರೆತಿತ್ತು, ಅಂಗಡಿಯ ಡೈ ಹಚ್ಚಿದರೆ ಹಣೆಯೆಲ್ಲ ತುರಿಕೆ. ಪಕ್ಕದ ಮನೆಯ ಖಾಜಾಬಿ ಧೈರ್ಯ ಕೊಟ್ಟಳು: "ಇವತ್ತು ಮೆಹೆಂದಿ, ನಾಳಿ ನೀಲಿ. ಆಮ್ಯಾಲ ನೋಡವಾ, ಕೂದಲ ಕಾಡಿಗಿ ಆಗ್ತಾವ."

ಗಂಡಿನ ಕಡೆಯವರು ಬರುವುದು ಮರುದಿನ ಮಧ್ಯಾಹ್ನ ಎಂದಿತ್ತು. ಬೆಳಿಗ್ಗೆ ಖಾಜಾಬಿ ನೀಲಿ ಪುಡಿ ಕಲಸುತ್ತಿದ್ದಾಗಲೇ ಬಾಗಿಲಲ್ಲಿ ಮಾಸ್ತರರು, ಜೊತೆಗೆ ಅವರ ಅಕ್ಕ! ಮಧ್ಯಾಹ್ನದ ಬಸ್ಸನ್ನು ನಂಬದೆ ಮೊದಲ ಬಸ್ಸನ್ನೇ ಹತ್ತಿದ್ದರಂತೆ. ಆಗ ಕಾಲೇಜು ಓದುತ್ತಿದ್ದ, ಅತ್ತೆಯ ನೆರವಿಗೆಂದು ಬಂದಿದ್ದ ನಾನು ಓಡಿಹೋಗಿ ಅತ್ತೆಯ ತಲೆಗೆ ಸೆರಗು ಎಳೆದೆ.

ನಮ್ಮ ಸೀಮೆಯ ಬೇಸಿಗೆ ನಿಮಗೆ ಹೇಳಬೇಕೆ? ಮೇಲಾಗಿ ಕರೆಂಟೂ ಹೋಯಿತು. ಅತ್ತೆ ಸೆರಗಿನೊಳಗೆ ಬೆವರುತ್ತಿದ್ದಳು, ಮಾಸ್ತರರು ಕಿವಿಯವರೆಗೆ ಇಳಿದ ಟೋಪಿಯೊಳಗೆ.

"ಟೋಪಿ ತಗೀಯಪ್ಪಾ, ಎಷ್ಟು ಬೆವರಾಕತ್ತೀ," ಎಂದರು ಅಕ್ಕ.

"ಇರ್ಲಿ ಬಿಡಕ್ಕಾ."

ಅತ್ತೆಗೆ ಅಷ್ಟರಲ್ಲಿ ಸಾಕಾಗಿತ್ತು. ಸೆರಗು ಸರಿಸಿಯೇಬಿಟ್ಟಳು. "ನೋಡ್ರಿ, ಮುಚ್ಚಿಟ್ಟು ಮದುವಿ ಆಗೂದು ನನ್ನ ಕೈಲೆ ಆಗಂಗಿಲ್ಲ. ತಲಿ ನೆರತದ, ಬಣ್ಣ ಅರ್ಧಕ್ಕ ನಿಂತದ. ಒಪ್ಪಿದ್ರ ಹಿಂಗ ಒಪ್ಪಬೇಕು."

ಮಾಸ್ತರರು ಆ ಕೆಂಪು ತಲೆಯನ್ನೇ ನೋಡಿದರು. ಆಮೇಲೆ ನಿಧಾನವಾಗಿ ಟೋಪಿ ತೆಗೆದರು. ಒಳಗೆ ಕಾಲುವೆಯ ಪಾಚಿಯ ಬಣ್ಣ!

"ನಾನೂ ಇವ ಎರಡೂ ಪುಡಿ ತಂದಿದ್ದೆರೀ. ಕೆಂಪು ತಲಿ ಮಾಡ್ಕೊಂಡು ಸಾಲಿಗೆ ಹೋದ್ರ ಹುಡುಗ್ರು ನಗ್ತಾರಂತ, ಮೆಹೆಂದಿ ಬಿಟ್ಟು ಬರೀ ನೀಲಿ ಹಚ್ಚಿದೆ. ತಲಿ ಹಸರ ಆತು."

ಮೊದಲು ನಕ್ಕವಳು ಅತ್ತೆ. ಬಾಯಿಗೆ ಸೆರಗು ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಖಾಜಾಬಿ ಬಾಣಲೆ, ಬಟ್ಟಲು ಎರಡನ್ನೂ ಹಿಡಿದು ಬಂದಳು. "ಯಾ ಅಲ್ಲಾ! ಆಕೀಗೆ ಎರಡನೇದು ಉಳದದ, ಇವರಿಗೆ ಮೊದಲನೇದು. ಕುಂದರ್ರಿ ಇಬ್ಬರೂ!"

ಹೀಗೆ ನಮ್ಮ ಮನೆಯ ಹೆಣ್ಣು ನೋಡುವ ಶಾಸ್ತ್ರ ಅಂಗಳದಲ್ಲಿ, ಹಳೆಯ ಟವೆಲ್ ಹೊದ್ದ ಎರಡು ತಲೆಗಳ ಸಮೇತ ನಡೆಯಿತು. ಅಕ್ಕ ಮಂಡಕ್ಕಿಯ ಸುಸಲಾ ತಿನ್ನುತ್ತಲೇ ಒಪ್ಪಿಗೆ ಕೊಟ್ಟರು. ಬಣ್ಣ ಒಣಗುವವರೆಗೆ ಕೂತವರಿಬ್ಬರೂ ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಇಂದಿಗೂ ದೇವದುರ್ಗದ ಆ ಮನೆಯಲ್ಲಿ ಅವರು ಇವಳಿಗೆ, ಇವಳು ಅವರಿಗೆ ಹಚ್ಚುತ್ತಾರೆ.

ಬಚ್ಚಲಲ್ಲಿ ನಿಂತು ಇದನ್ನೆಲ್ಲ ನೆನೆದು ಒಬ್ಬಳೇ ನಗುತ್ತಿದ್ದಾಗ ಮತ್ತೆ ಕರೆಗಂಟೆ. ಹಾಲಿನವನು ತಿರುಗಿ ಬಂದಿರಬೇಕು. ತಲೆಗೆ ಸುತ್ತಲು ಟವೆಲ್ ಕೈಗೆತ್ತಿಕೊಂಡವಳು ಅದನ್ನು ಹಗ್ಗದ ಮೇಲೆ ಹಾಕಿದೆ. ಕೆಂಪು ತಲೆಯಲ್ಲೇ ಹೋಗಿ ಬಾಗಿಲು ತೆರೆದೆ.